ಬಲತೋಳಿನ ಮಡಿಕೆ

ಎಡಗಾಲು ಮೊದಲು, ಕೆಳಗೆ ನೋಡದೆಯೇ, ಸ್ವಂತ ಮನೆಯ ಹೊಸ್ತಿಲು ದಾಟಿದಷ್ಟು ಸಲೀಸಾಗಿ ಸವೇರಿಯೋ ಕಾಲುವೆ ದಾಟಿಸುವ ದೋಣಿಯೊಳಗೆ ಇಟ್ಟ, ಆಮೇಲೆ ಬಲಗಾಲು, ಎರಡರ ನಡುವೆ ಗೇಣು ಜಾಗ ಬಿಟ್ಟು ಮಂಡಿ ತುಸು ಸಡಿಲ ಮಾಡಿ ನಿಂತೇಬಿಟ್ಟ — ದೊನಾತಾ ಮಾತ್ರ ದೋಣಿಯವನ ಕೈ, ಪಕ್ಕದ ಹೆಂಗಸಿನ ಕೊಡೆ, ಕೊನೆಗೆ ಬರೀ ಗಾಳಿ, ಸಿಕ್ಕಿದ್ದನ್ನೆಲ್ಲ ಹಿಡಿದು, ಅಯ್ಯೋ ಮಾದೊನ್ನಾ ಎಂದು ಕೂಗಿ ಅಂಚಿನ ಹಲಗೆಯ ಮೇಲೆ ಕುಕ್ಕರಿಸಿದಳು, ನಿಂತವರೆಲ್ಲ ನಕ್ಕರು, ನಗಲಿ, ಅವರ ನಗು ಯಾರಿಗೆ ಬೇಕು, ಅವಳ ಕಣ್ಣು ಗಂಡನ ಕಾಲಿನ ಮೇಲೆ ನೆಟ್ಟಿದೆ. ದೂರದ ದಕ್ಷಿಣದ ಅಲ್ತಮೂರಾದಲ್ಲಿ ಹುಟ್ಟಿ, ಅದರ ಸುತ್ತಲಿನ ಕಲ್ಲುಗುಡ್ಡಗಳಲ್ಲೇ ಬಸ್ಸು ಓಡಿಸಿ ನಿವೃತ್ತನಾದ ಸವೇರಿಯೋ, ನೀರೆಂದರೆ ನಲ್ಲಿಯಲ್ಲಿ ಬರುವುದು ಎಂದಷ್ಟೇ ಗೊತ್ತಿರಬೇಕಾದ ಮನುಷ್ಯ, ವೆನಿಸ್ಸಿನ ದೊಡ್ಡ ಕಾಲುವೆಯ ನಟ್ಟನಡುವೆ ಏನನ್ನೂ ಹಿಡಿಯದೆ ನಿಂತಿದ್ದಾನೆ, ಮೋಟಾರು ದೋಣಿಯೊಂದರ ಅಲೆ ಬಂದು ಇವರನ್ನು ಎತ್ತಿ ಇಳಿಸಿದರೂ ಅಲುಗಲಿಲ್ಲ, ಮತ್ತೆ ಆ ಬಲತೋಳು, ಮೊಣಕೈಯಲ್ಲಿ ಮಡಿಸಿ, ಮೈಯಿಂದ ಸ್ವಲ್ಪ ದೂರ ಹಿಡಿದು, ಒಳಗೆ ಜಾಗ ಬಿಟ್ಟು — ಯಾರಿಗೆ ಜಾಗ, ಇವಳಿಗಂತೂ ಅಲ್ಲ, ಇವಳು ಹಲಗೆಯ ಮೇಲೆ ಕೂತಿದ್ದಾಳಲ್ಲ, ಆ ತೋಳಿಗೆ ಅದರ ಪರಿವೆಯೇ ಇಲ್ಲ, ಅದು ತನ್ನಷ್ಟಕ್ಕೆ ತಾನೇ ಮಡಿಸಿಕೊಂಡಿದೆ, ಇನ್ಯಾರೋ ಬಂದು ಕೈ ತೂರಿಸಿ ಹಿಡಿದುಕೊಳ್ಳುತ್ತಾರೆ ಎಂಬಂತೆ. ಹಿಂಬದಿಯಲ್ಲಿ ಹುಟ್ಟು ಹಾಕುತ್ತಿದ್ದ ನರೆಮೀಸೆಯವನು ಸವೇರಿಯೋನನ್ನು ನೋಡಿದ, ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ನೋಡಿದ, ಸವೇರಿಯೋ ಸರಕ್ಕನೆ ಮುಖ ಆಚೆ ತಿರುಗಿಸಿ, ಅಲ್ನೋಡು ದೊನಾ, ಎಂಥಾ ಅರಮನೆ, ಅಂದ. ಅರಮನೆಯಂತೆ ಅರಮನೆ. ಮೊದಲ ಸಲ ಬರುತ್ತಿದ್ದೇನೆ ಎಂದು ರೈಲಿನಲ್ಲಿ ಎದುರು ಕೂತವರಿಗೆಲ್ಲ ಸಾರಿಕೊಂಡು ಬಂದಿದ್ದ ಮಹಾನುಭಾವ ಇವನೇ.

ಮದುವೆಗೆ ಕೇಳಿದ್ದೇ ಹಾಗಲ್ಲವೆ, ಅವಳ ಹೊಲಿಗೆ ಅಂಗಡಿಯಲ್ಲಿ, ಪ್ಯಾಂಟಿನ ಅಂಚು ಬಿಚ್ಚಿಸಿಕೊಳ್ಳಲು ಬಂದವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ, ನೋಡು ದೊನಾತಾ, ಮನೆ ಫಿಲೋಮೆನಾದು, ಸುಳ್ಳು ಯಾಕೆ ಹೇಳ್ಲಿ, ಪಾತ್ರೆ ಪಡಗ ಪರದೆ ಮಂಚ ಎಲ್ಲಾ ಅವಳು ತಂದಿದ್ದೇ, ಅವಳು ಹೋದ್ಮೇಲೂ ನಾನೇನೂ ಬದಲಾಯಿಸಿಲ್ಲ, ಆದ್ರೆ ವೆನಿಸ್ ನಾನು ನೋಡಿಲ್ಲ, ನೋಡಿದ್ರೆ ನಿನ್ ಜೊತೇನೇ. ಐವತ್ತು ದಾಟಿದವಳ ಮೊದಲ ಮದುವೆ, ನಾಚಿಕೆ ಬಿಟ್ಟು ಹೇಳಬೇಕೆಂದರೆ ಆ ಮಾತಿಗೇ ಅವಳು ಬಿದ್ದದ್ದು. ಎರಡನೆಯವಳು ಕೂರೋದು ಹಳೇ ಕುರ್ಚಿ ಮೇಲೇನೇ ಕಣೇ, ದಿಂಬು ಬೇಕಾದ್ರೆ ಹೊಸದು ಹಾಕ್ಕೋ, ಎಂದು ದೊಡ್ಡಮ್ಮನ ಮಗಳು ಅನ್ನುಂಚಿಯಾ ಕಿಸಕ್ಕೆಂದಾಗ ಇವಳು ಸೂಜಿಗೆ ದಾರ ಪೋಣಿಸುತ್ತಾ, ನಮಗೆ ವೆನಿಸ್ ಇದೆ, ಅಂದಿದ್ದಳು. ಫ್ರಿಜ್ಜಿನ ಮೇಲೆ ಮೊದಲ ಹೆಂಡತಿ ಫಿಲೋಮೆನಾಳ ಫೋಟೋ, ಇರಲಿ, ಸತ್ತವರ ಮೇಲೆ ಏನು ಮತ್ಸರ, ಅವಳ ಬಾಣಲೆಯಲ್ಲೇ ಹುರಿದಳು, ಅವಳ ಚಾದರವನ್ನೇ ಹೊದ್ದಳು, ಅಲಮಾರಿನ ಮೇಲಿದ್ದ ಬಿಗಿ ಮುಚ್ಚಳದ ಸಣ್ಣ ಅಲ್ಯೂಮಿನಿಯಂ ಪಾತ್ರೆ ಇಳಿಸಲು ಹೋದಾಗ ಮಾತ್ರ, ಅದು ಬೇಡ, ಅದನ್ನ ಮುಟ್ಬೇಡ, ಅಂದ, ಅಷ್ಟು ಗಟ್ಟಿಯಾಗಿ ಅವನು ಮಾತಾಡಿದ್ದು ಅದೊಂದೇ ಸಲ, ಅದನ್ನೂ ನುಂಗಿಕೊಂಡಳು. ಫಿಲೋಮೆನಾಳನ್ನು ಮೇಲೆ ಉತ್ತರಕ್ಕೆ ಕರೆದುಕೊಂಡು ಹೋಗಿದ್ದರಂತೆ, ತಮ್ಮ ಕಡೆ ದೊಡ್ಡ ಕಾಯಿಲೆ ಬಿದ್ದವರೆಲ್ಲ ರೈಲು ಹತ್ತುವ ಹಾಗೆ, ಯಾವ ಊರೋ, ಮಿಲಾನ್ ಇರಬೇಕು, ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ, ಹುಣ್ಣು ಕೆದಕುವುದು ಯಾಕೆ. ಆದರೆ ಈ ಬೂದು ಕೋಟು, ಈಗ ಹಾಕಿಕೊಂಡು ನಿಂತಿದ್ದಾನಲ್ಲ ಇದೇ, ಇದರ ಬಲತೋಳಿನ ಒಳಮಗ್ಗುಲಲ್ಲಿ, ಸರಿಯಾಗಿ ಮೊಣಕೈ ಮಡಿಯುವ ಕಡೆ, ಅಂಗೈ ಅಗಲದ ಜಿಡ್ಡಿನ ಕಲೆ, ಸೀಮೆಸುಣ್ಣ ತಿಕ್ಕಿದಳು, ಪೆಟ್ರೋಲು ಹಚ್ಚಿದಳು, ಹೋಗಲಿಲ್ಲ, ತೋಳನ್ನೇ ಬಿಚ್ಚಿ ಹೊಸ ಬಟ್ಟೆ ಹಾಕಿಕೊಡಲೇ ಅಂದರೆ ಬೇಡ ಅಂದ. ಮೂವತ್ತು ವರ್ಷ ಕಂಡವರ ಕೋಟು ಹೊಲಿದವಳಿಗೆ ಕಲೆಗಳ ಕಥೆ ಗೊತ್ತಿಲ್ಲವೆ, ತಲೆಗೆ ಎಣ್ಣೆಯೋ ಮುಖಕ್ಕೆ ಕ್ರೀಮೋ ಹಚ್ಚಿಕೊಂಡ ಹೆಂಗಸು ಒರಗಿಕೊಂಡರೆ ಬೀಳುವ ಜಾಗವದು.

ದೋಣಿ ಆಚೆ ದಡಕ್ಕೆ ಮುಟ್ಟಿತು, ಅವನು ಕೈ ಚಾಚಿದ, ಅವಳು ಹಿಡಿಯಲಿಲ್ಲ, ತಾನೇ ಇಳಿದಳು. ಈಗ ಒಂದೊಂದೇ ಜೋಡಿಸಿಕೊಳ್ಳುತ್ತಿದ್ದಾಳೆ, ಬೆಳಿಗ್ಗೆ ಸ್ಟೇಷನ್ನಿನಿಂದ ಹೊರಟಾಗ ಗೋಡೆಯ ಮೇಲಿನ ಹಳದಿ ಬೋರ್ಡುಗಳತ್ತ ಎಲ್ಲರೂ ಕತ್ತೆತ್ತಿ ನಿಂತಿದ್ದರೆ ಇವನು ಪೆಟ್ಟಿಗೆ ಎಳೆದುಕೊಂಡು ಹೋಟೆಲಿನ ಕಡೆಗೆ ಸಂದಿಯೊಳಗೆ ನುಗ್ಗಿದ್ದ, ಬಾರಿನಲ್ಲಿ ಒಂದು ನೆರಳು ಕೊಡಿ ಅಂದ, ತಲೆ ಕೆಟ್ಟಿತೇ ಇವನಿಗೆ ಅಂದುಕೊಂಡರೆ ಬಾರಿನವನು ಪುಟ್ಟ ಲೋಟದಲ್ಲಿ ವೈನು ಸುರಿದು ಕೊಟ್ಟ, ಇಲ್ಲಿಯವರು ಹಾಗೆ ಕೇಳ್ತಾರಂತೆ, ಯಾರು ಹೇಳಿದ್ರು ನಿನಗೆ, ಟೀವೀಲಿ ನೋಡಿದ್ದೆ, ಟೀವಿ ಹಾಕಿದ ಕೂಡಲೇ ಗೊರಕೆ ಹೊಡೆಯುವವನು ಟೀವಿಯಲ್ಲಿ ನೋಡಿದನಂತೆ. ಮಾರುಕಟ್ಟೆಯಲ್ಲಿ ಪ್ರವಾಸಿಗಳೆಲ್ಲ ಮೀನಿನ ಫೋಟೋ ತೆಗೆಯುತ್ತಿದ್ದಾಗ ಇವನು ಮಾಂಸದಂಗಡಿಯ ಮುಂದೆ ನಿಂತು ದನದ ಮೂಳೆ ನೋಡುತ್ತಿದ್ದ, ಎರಡು ಸಲ ಕರೆದರೂ ಕೇಳಿಸಲಿಲ್ಲ, ಮಧುಚಂದ್ರಕ್ಕೆ ಬಂದು ಮೂಳೆ ನೋಡುವ ಗಂಡಸು ಈ ಭೂಮಿಯ ಮೇಲೆ ಇದ್ದರೆ ಇವನೊಬ್ಬನೇ. ಫಿಲೋಮೆನಾಳ ಜೊತೆ ಬಂದಿದ್ದಾನೆ, ಇನ್ನೇನು, ಮದುವೆಯಾದ ಹೊಸತರಲ್ಲಿ, ಆ ತೋಳು ಹಿಡಿದುಕೊಂಡು ಅವಳು ದೋಣಿಯಲ್ಲಿ ನಿಂತಿದ್ದಳು, ಅವಳು ಕೂತಿರಲಿಕ್ಕಿಲ್ಲ, ಫೋಟೋದಲ್ಲೇ ಕಾಣುತ್ತದಲ್ಲ, ನೆಟ್ಟಗೆ ನಿಲ್ಲುವ ಹೆಂಗಸು. ಇಡೀ ಭೂಮಿಯಲ್ಲಿ ಅವಳು ಕಾಲಿಡದ ಊರು ಒಂದು ಇದೆ ಎಂದು ನಂಬಿ, ಅದಕ್ಕಾಗಿ ಹೊಸ ಬೂಟು ಕೊಂಡು, ಕೂದಲಿಗೆ ಬಣ್ಣ ಹಾಕಿಸಿಕೊಂಡು ಬಂದ ನಾನೇ ಪೆದ್ದಿ.

ಅಲ್ಲಿ ಬಲಕ್ಕೆ ಬಾಣ ಇತ್ತು, ಸಾನ್ ಮಾರ್ಕೋ ಎಂದು ಅಷ್ಟು ದೊಡ್ಡದಾಗಿ ಬರೆದಿತ್ತು, ಜನವೆಲ್ಲ ಆ ಕಡೆ ಹೊರಟಿದ್ದರು, ಇವನ ಕಾಲು ಎಡಕ್ಕೆ ತಿರುಗಿತು. ಅವಳು ಹಿಂದೆಯೇ ನಡೆದಳು, ಎಲ್ಲಿಗೆ ಕರೆದುಕೊಂಡು ಹೋಗುತ್ತಾನೋ ಹೋಗಲಿ, ನೋಡೇ ಬಿಡೋಣ. ಒಂದು ಸೇತುವೆ, ಇನ್ನೊಂದು ಸೇತುವೆ, ಅದರಲ್ಲಿ ಮೂರನೆಯ ಮೆಟ್ಟಿಲು ಮುರಿದಿದೆ, ನೋಡಿಕೊಳ್ಳದೆಯೇ ದಾಟಿದ, ಅವಳು ಎಡವಿದಳು, ಆಮೇಲೆ ಬಿಸಿಲು ತುಂಬಿದ ಅಂಗಳ, ಕುದುರೆಯ ಮೇಲೆ ಕೂತ ಕಂಚಿನ ಸೇನಾಪತಿ, ಎದುರಿಗೆ ಗೋಡೆಯ ತುಂಬ ಅಮೃತಶಿಲೆಯ ಕೆತ್ತನೆ, ಬಾಗಿಲ ಎರಡೂ ಪಕ್ಕದಲ್ಲಿ ಕಲ್ಲಿನ ಸಿಂಹಗಳು. ಸವೇರಿಯೋ ಗಕ್ಕನೆ ನಿಂತ. ಎಲ್ಲಿಗೆ ಬಂದಿದ್ದೇನೆಂದು ಅವನಿಗೆ ಆಗಷ್ಟೇ ಗೊತ್ತಾದಂತಿತ್ತು, ಮುಖ ಬಿಳಿಚಿಕೊಂಡಿತು. ಎಷ್ಟು ಚೆನ್ನಾಗಿದೆ ಚರ್ಚು, ಒಂದು ಮೇಣದಬತ್ತಿ ಹಚ್ಚಿ ಬರ್ತೀನಿ ಇರು, ಅಂದಳು, ಬೇಡ, ಅದು ಚರ್ಚಲ್ಲ, ಮತ್ತೇನು, ನಂಗೇನು ಗೊತ್ತು, ಬಾ, ಕಾಫಿ ಕುಡಿಯೋಣ. ಕಾಫಿಗೆ ಕೂತದ್ದು ಆ ಸಿಂಹಗಳಿಗೆ ಬೆನ್ನು ಹಾಕಿ, ಅಷ್ಟು ಚೆಲುವಾದ ಗೋಡೆಗೆ ಬೆನ್ನು ಹಾಕಿ ಕೊಳಕು ಗೋಡೆಯನ್ನು ನೋಡುತ್ತಾ ಕೂರುವವರು ಯಾರಾದರೂ ಇದ್ದಾರೆಯೇ, ಅವಳು ಮೇಲಿನ ಕಿಟಕಿಗಳನ್ನು ಒಂದೊಂದಾಗಿ ನೋಡಿದಳು, ಪರದೆ ಸರಿಯುತ್ತದೆಯೇ, ಯಾರಾದರೂ ಬಗ್ಗಿ ನೋಡುತ್ತಾರೆಯೇ, ಸತ್ತವಳಲ್ಲವೇನೋ, ಬದುಕಿರುವವಳೇ ಇರಬಹುದು, ಈ ಊರಿನವಳು, ಕೋಟಿಗೆ ಜಿಡ್ಡು ಮೆತ್ತಿದವಳು, ಒಂದು ವೇಳೆ ಅವಳ ಮಗುವೂ — ಕಾಫಿ ನಾಲಿಗೆ ಸುಟ್ಟಿತು. ನೀನು ಇಲ್ಲಿಗೆ ಬಂದಿದ್ದೀಯಾ ಸವೇರಿಯೋ, ಎಂದು ಕೇಳಿಯೇಬಿಟ್ಟಳು, ಅವನು ಸಕ್ಕರೆ ಹಾಕದ ಕಾಫಿಯನ್ನು ಕಲಕುತ್ತಲೇ ಇದ್ದ, ಕಲಕುತ್ತಲೇ, ವೆನಿಸ್ ನಾನು ನೋಡಿಲ್ಲ ದೊನಾ, ಆಣೆ ಮಾಡಿ ಹೇಳ್ತೀನಿ, ಅಂದ.

ವಿಚಿತ್ರವೆಂದರೆ ಅಲ್ಲಿಂದ ಎದ್ದ ಮೇಲೆ ಅವನಿಗೆ ದಾರಿಯೇ ಗೊತ್ತಾಗಲಿಲ್ಲ. ಅಲ್ಲಿಯವರೆಗೆ ಮುರಿದ ಮೆಟ್ಟಿಲಿನ ಗುರುತು ಕೂಡ ಇದ್ದವನು ನಕ್ಷೆಯನ್ನು ತಲೆಕೆಳಗು ಹಿಡಿದ, ಒಂದೇ ಬಾವಿಯ ಸುತ್ತ ಮತ್ತೆ ಮತ್ತೆ ಬಂದರು, ನೀರಿನಲ್ಲಿ ಕೊನೆಯಾಗುವ ಓಣಿಗೆ ನುಗ್ಗಿ ಹಿಂದೆ ಬಂದರು, ತರಕಾರಿ ಹೊತ್ತವಳೊಬ್ಬಳು ಅವಳನ್ನೇ ನೋಡಿ, ಗಂಡಸರ ಕೈಗೆ ನಕ್ಷೆ ಕೊಟ್ರೆ ಇನ್ನೇನಾಗುತ್ತೆ ತಾಯಿ, ಎಂದು ನಕ್ಕು ದಾರಿ ತೋರಿಸಿದಳು. ನಾಟಕ, ನನ್ನ ಸಂಶಯ ತಿಳಿದುಬಿಟ್ಟಿದೆ, ಅದಕ್ಕೇ ಈಗ ದಾರಿ ತಪ್ಪಿದವನ ನಾಟಕ. ಸಾನ್ ಮಾರ್ಕೋ ಚೌಕಕ್ಕೆ ಬಂದಾಗ ಟೋಪಿ ತೆಗೆದು, ಬಾಯಿ ತೆರೆದು, ಬಂಗಾರದ ಚಿತ್ತಾರಗಳನ್ನೂ ಗುಮ್ಮಟಗಳನ್ನೂ ಪಾರಿವಾಳಗಳನ್ನೂ ನೋಡುತ್ತಾ ನಿಂತ, ಇಷ್ಟು ಹತ್ರ ಇತ್ತಾ ಇದು, ಎಂದು ತನಗೆ ತಾನೇ ಅಂದುಕೊಂಡ, ಇಷ್ಟು ಹತ್ರ ಇತ್ತಾ, ಕಣ್ಣಲ್ಲಿ ನೀರು ಬೇರೆ. ಎಂಥಾ ನಟ, ಇವನನ್ನು ಬಸ್ಸು ಓಡಿಸಲು ಬಿಟ್ಟವರಿಗೆ ಬುದ್ಧಿ ಇರಲಿಲ್ಲ. ಫೋಟೋ ತೆಗೆದುಕೊಳ್ಳೋಣ ಬಾ ಅಂದ, ತಲೆನೋವು ಅಂದಳು. ಊಟದಲ್ಲಿ ಮೀನಿಗೆ ಈರುಳ್ಳಿ ಹಾಕಿದ್ದರು, ಹುಳಿ ಹುಳಿ, ತಿನ್ನಲಾಗಲಿಲ್ಲ. ಇಳಿಬಿಸಿಲಿನಲ್ಲಿ ವಾಪಸು ಹೊರಟಾಗ ಅವಳು ಲೆಕ್ಕ ಹಾಕಿ ಮುಗಿಸಿದ್ದಳು, ನಾಳೆ ಬೆಳಗಿನ ರೈಲು, ಅಂಗಡಿಯ ಹಿಂದಿನ ಕೋಣೆಯಲ್ಲಿ ತನ್ನ ಹಳೆಯ ಮಂಚ ಇನ್ನೂ ಇದೆ, ಅನ್ನುಂಚಿಯಾ ನಗುತ್ತಾಳೆ, ನಗಲಿ, ಸುಳ್ಳಿನ ಮನೆಯಲ್ಲಿ ಬಾಳುವುದಕ್ಕಿಂತ ಅದೇ ವಾಸಿ.

ಮತ್ತೆ ಅದೇ ಕಟ್ಟೆ, ಅದೇ ದೋಣಿ, ಎಡಗಾಲು ಮೊದಲು, ನೋಡದೆಯೇ. ಈ ಸಲ ಅವಳು ಕೂರಲಿಲ್ಲ, ಬಿದ್ದರೆ ಬೀಳುತ್ತೇನೆ, ಫಿಲೋಮೆನಾ ನಿಂತಿದ್ದರೆ ನಾನೂ ನಿಲ್ಲುತ್ತೇನೆ, ಪಕ್ಕದಲ್ಲೇ ಆ ತೋಳು, ಮಡಿಸಿಕೊಂಡಿತು, ಮೈಯಿಂದ ದೂರ, ಒಳಗೆ ಜಾಗ ಬಿಟ್ಟು. ಅಷ್ಟರಲ್ಲಿ ಹಿಂಬದಿಯ ನರೆಮೀಸೆ ಹುಟ್ಟನ್ನು ನೀರಿನಲ್ಲೇ ನಿಲ್ಲಿಸಿ ತೊಡೆ ತಟ್ಟಿದ, ಸಾರಣ್ಣ! ಅಯ್ಯೋ ನಮ್ಮ ಸಾರಣ್ಣ! ಬೆಳಿಗ್ಗೆಯಿಂದ ತಲೆ ಕೆರ್ಕೊಂಡೆ ಕಣ್ರೀ, ಎಲ್ಲಿ ನೋಡಿದ್ದೀನಿ ಇವರನ್ನ ಅಂತ, ಈಗ ಆ ಕೈ ನೋಡಿದ್ ತಕ್ಷಣ ಗೊತ್ತಾಯ್ತು, ಎಲ್ರೀ ನಿಮ್ಮ ಪಾತ್ರೆ, ಲೇ ಬೆಪಿ, ಎಂದು ಮುಂದೆ ಹುಟ್ಟು ಹಿಡಿದಿದ್ದ ಹುಡುಗನನ್ನು ಕೂಗಿದ, ನೀನು ಆಗ ಇರಲಿಲ್ಲ, ಆ ಚಳಿಗಾಲ ಪೂರ್ತಿ ದಿನಾ ಮಧ್ಯಾಹ್ನ ಮಾರ್ಕೆಟ್ ಕಡೆಯಿಂದ ಬರೋರು ಕಣೋ, ಮೂಳೆ ಸಾರು ಕಾಯಿಸ್ಕೊಂಡು, ಸಿಂಹದ ಆಸ್ಪತ್ರೇಲಿ ಹೆಂಡ್ತಿ ಮಲಗಿದ್ರು, ಅಲ್ಲಿ ಊಟ ಬಾಯಿಗೆ ಸೇರ್ತಿರಲಿಲ್ವಂತೆ, ಕೂತ್ಕೊಳ್ಳಿ ಅಂದ್ರೆ ಕೂರ್ತಿರಲಿಲ್ಲ, ಕೂತರೆ ಚೆಲ್ಲುತ್ತೆ ಅನ್ನೋರು, ನಾವು ಪೋಲಿಗಳು ಬೇಕಂತಲೇ ದೋಣಿ ಅಲ್ಲಾಡಿಸ್ತಿದ್ವಿ, ಒಂದು ತೊಟ್ಟು, ಒಂದೇ ಒಂದು ತೊಟ್ಟು ಚೆಲ್ಲಿದ್ದಿದ್ರೆ ಕೇಳು! ಆಮೇಲೆ ಅವನ ಕಣ್ಣು ದೊನಾತಾಳ ಮೇಲೆ ಬಿತ್ತು, ಮುಖ ಅರಳಿತು, ಓ ಸಿನ್ಯೋರಾ, ನೀವೇನಾ! ಎದ್ದು ಓಡಾಡೋ ಹಾಗಾದ್ರಲ್ಲ, ನಾನು ಅಂದುಕೊಂಡಿದ್ದೆ — ಬಿಡಿ, ಏನೇನೋ ಅಂದುಕೊಂಡಿದ್ದೆ, ಸಾರು ಕೆಲಸ ಮಾಡ್ತು ನೋಡಿ!

ಸವೇರಿಯೋ ಎಡಗೈಯಿಂದ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡ. ಮೂಳೆ, ನೆರಳು, ಮುರಿದ ಮೆಟ್ಟಿಲು, ಬೆನ್ನು ಹಾಕಿ ಕೂತದ್ದು, ಮಾರುಕಟ್ಟೆಯಿಂದ ಸಿಂಹದವರೆಗೆ, ಸಿಂಹದಿಂದ ಮಾರುಕಟ್ಟೆಯವರೆಗೆ, ಅದರಾಚೆ ಒಂದು ಹೆಜ್ಜೆ ಇಲ್ಲ, ಇಷ್ಟು ಹತ್ರ ಇತ್ತಾ ಅಂದನಲ್ಲ, ನೋಡಿಲ್ಲ ಅಂದದ್ದು ಸುಳ್ಳಲ್ಲ, ಸತ್ಯವೂ ಅಲ್ಲ, ದೇವರೇ, ಮಧುಚಂದ್ರವಾಗಿದ್ದರೆ ಎಷ್ಟು ಚೆನ್ನಾಗಿತ್ತು, ಅದರ ಜೊತೆ ಜಗಳ ಆಡಬಹುದಿತ್ತು, ಸಾರಿನ ಜೊತೆ ಹೇಗೆ ಆಡಲಿ. ದೋಣಿಯ ತುಂಬ ಜನ ಅವಳನ್ನೇ ನೋಡುತ್ತಿದ್ದಾರೆ, ಗುಣವಾದವಳನ್ನು ನೋಡುವ ಕಣ್ಣುಗಳು, ನರೆಮೀಸೆ ಹಲ್ಲು ಬಿಟ್ಟು ಕಾಯುತ್ತಿದ್ದಾನೆ, ಅಲ್ಲ, ಅವಳು ಸತ್ತಳು, ನಾನು ದೊನಾತಾ, ಎಂದರೆ ಮುಗಿಯಿತು, ನಾಲಿಗೆಯ ತುದಿಯಲ್ಲೇ ಇದೆ. ಹೌದಪ್ಪಾ, ಸಾರು ಚೆನ್ನಾಗಿತ್ತು, ಅಂದಳು. ತನ್ನ ದನಿಯೇ ತನಗೆ ಬೇರೆಯಾಗಿ ಕೇಳಿಸಿತು, ಮುದುಕ ಖುಷಿಯಿಂದ, ಒಂದು ತೊಟ್ಟೂ ಚೆಲ್ಲಲಿಲ್ಲ ಸಿನ್ಯೋರಾ, ಎಂದು ಮತ್ತೆ ಹೇಳುತ್ತಿದ್ದಾನೆ, ಚೆಲ್ಲಿತ್ತು, ಅವನಿಗೆ ಗೊತ್ತಿಲ್ಲ, ಈ ದೋಣಿಯಲ್ಲಿ ಯಾರಿಗೂ ಗೊತ್ತಿಲ್ಲ, ಚೆಲ್ಲಿದ್ದನ್ನೆಲ್ಲ ಇವನು ತೋಳಿನೊಳಗೆ ಹಿಡಿದುಕೊಂಡಿದ್ದ, ಪೆಟ್ರೋಲು ಹಚ್ಚಿ ತಿಕ್ಕಿದವಳು ನಾನು. ಮೋಟಾರು ದೋಣಿ ಹಾದುಹೋಯಿತು, ಅಲೆ ಬರುತ್ತಿದೆ, ಹಿಡ್ಕೊಳ್ಳಿ ಸಿನ್ಯೋರಾ, ಗಂಡನ ಕೈ ಹಿಡ್ಕೊಳ್ಳಿ, ಅವಳು ಕೈ ಎತ್ತಿದ್ದಾಳೆ, ತೋಳು ಅಲ್ಲೇ ಇದೆ, ಮಡಿಸಿದ ತೋಳು, ನಡುವೆ ಒಂದು ಸಣ್ಣ ಪಾತ್ರೆಯಷ್ಟೇ ಅಗಲದ ಜಾಗ, ಮುಚ್ಚಳದ ಕೆಳಗೆ ಇನ್ನೂ ಬಿಸಿ, ಕೈ ಇಟ್ಟರೆ ಚೆಲ್ಲೀತು, ಕೈ ಇಟ್ಟರೆ — ಆ ತೋಳು, ಆ ಮಡಿಸಿದ ತೋಳು…