ದೀಪಕ್ಕೆ ಇಟ್ಟ ಕುಂಕುಮ

ಆಯುಧಪೂಜೆ ಬಂತೆಂದರೆ ಕೊಳ್ಳೇಗಾಲದ ಕಡೆ ಮಗ್ಗದಿಂದ ಹಿಡಿದು ಸೈಕಲ್ಲಿನವರೆಗೆ ಎಲ್ಲಕ್ಕೂ ಕುಂಕುಮ ಬೀಳುತ್ತದೆ. ಇನ್ನು ಮಧುವನಹಳ್ಳಿಯಾಚೆಯ ವಿಮಾನ ತರಬೇತಿ ಶಾಲೆಯಲ್ಲಿ ಗುಡಿಸಿ ಒರೆಸುವ ದೊಡ್ಡಬಸಮ್ಮ ಸುಮ್ಮನಿರುತ್ತಾಳೆಯೇ? ರನ್‌ವೇ ಪಕ್ಕದ ನಾಲ್ಕು ದೀಪಗಳ ಗಾಜನ್ನು ದಿನಾ ಒರೆಸುವವಳು ಅವಳೇ. ಒಂದೊಂದು ಬೊಟ್ಟಿಡುವುದು ಜಿಪುಣತನವೆನಿಸಿ, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಗಾಜಿನ ತುಂಬ ಸವರಿಬಿಟ್ಟಳು. ಅವತ್ತು ಶಾಲೆಯಲ್ಲಿ ಕಲಿಯುತ್ತಿದ್ದ ಕೋಮಲ ಮೊದಲ ಸಲ ಒಬ್ಬಳೇ ಹಾರುವವಳಿದ್ದಳು. ರಾಮಾಪುರದ ಆ ಹುಡುಗಿ ಬಸಮ್ಮನ ಬುತ್ತಿಗೇ ಕೈಹಾಕಿ ಉಣ್ಣುವಷ್ಟು ಸಲಿಗೆಯವಳು. ಮಗು ಸುಖವಾಗಿ ಇಳಿಯಲಿ ಎಂದು ಇನ್ನಷ್ಟು ಸವರಿದಳು.

ಆ ದೀಪಗಳ ಮರ್ಮವನ್ನು ಕೋಮಲಳೇ ಒಮ್ಮೆ ಉಣ್ಣುತ್ತಾ ಹೇಳಿದ್ದಳು. ಇಳಿಯುವಾಗ ಎರಡು ಬಿಳಿ, ಎರಡು ಕೆಂಪು ಕಂಡರೆ ದಾರಿ ಸರಿ. ನಾಲ್ಕೂ ಕೆಂಪಾದರೆ ವಿಮಾನ ತೀರಾ ತಗ್ಗಿನಲ್ಲಿದೆ ಎಂದರ್ಥ. ಬಸಮ್ಮ ಆಗ ತಲೆಯಾಡಿಸಿದ್ದಳು, ಪೂಜೆಯ ಭಕ್ತಿಯಲ್ಲಿ ಅದೆಲ್ಲ ಮರೆತೇ ಹೋಗಿತ್ತು.

ನೆನಪಾದದ್ದು, ಮೈದಾನದಲ್ಲಿ ನಿಂತಿದ್ದವರ ರೇಡಿಯೋದಲ್ಲಿ ಹಾರುತ್ತಿದ್ದ ಕೋಮಲಳ ದನಿ ಕೇಳಿದಾಗ.

“ಸರ್, ನಾಲ್ಕೂ ಕೆಂಪು. ತಗ್ಗಲ್ಲಿದ್ದೀನಿ ಅಂತ ಮೇಲೇರಿಸ್ತಿದ್ದೀನಿ.”

“ತಗ್ಗಲ್ಲ, ಎತ್ತರದಲ್ಲಿದ್ದೀಯ,” ಎಂದರು ಕೆಳಗಿನಿಂದ ವಿಮಾನವನ್ನೇ ನೋಡುತ್ತಿದ್ದ, ಹಾರಲು ಕಲಿಸುವ ಮಹದೇವಸ್ವಾಮಿ. “ಇಳಿಸಬೇಡ. ಇನ್ನೊಂದು ಸುತ್ತು ಹಾಕು.”

ರನ್‌ವೇ ಚಿಕ್ಕದು, ಅದರ ಆ ತುದಿಯಲ್ಲಿ ಕಲ್ಲಿನ ಏರಿ. ಅಷ್ಟು ಎತ್ತರದಿಂದಲೇ ಇಳಿದಿದ್ದರೆ ವಿಮಾನ ನಿಲ್ಲದೆ ಅದಕ್ಕೇ ಗುದ್ದುತ್ತಿತ್ತು. ಬಿಳಿ ದೀಪವನ್ನೂ ಕೆಂಪು ಮಾಡಿದ್ದು ತನ್ನ ಕುಂಕುಮವೇ ಎಂದು ಬಸಮ್ಮನಿಗೆ ಹೊಳೆಯಿತು. ಸೊಂಟನೋವನ್ನೂ ಮರೆತು ಓಡಿದಳು, ಸೆರಗಿನಿಂದಲೇ ನಾಲ್ಕೂ ಗಾಜು ತಿಕ್ಕಿದಳು. ಆಕಾಶ ನೋಡುತ್ತಿದ್ದವರಿಗೆ ಅವಳು ಕಾಣಲಿಲ್ಲ. ಎರಡನೆಯ ಸುತ್ತಿಗೆ ವಿಮಾನ ಚೆನ್ನಾಗಿಯೇ ಇಳಿಯಿತು. ಬಸಮ್ಮ ಅಲ್ಲೇ ಹುಲ್ಲಿನ ಮೇಲೆ ಕುಸಿದು ಅತ್ತಳು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮಹದೇವಸ್ವಾಮಿ ಬಂದು ದೀಪ ನೋಡಿದರು. ಗಾಜು ಕನ್ನಡಿಯ ಹಾಗಿತ್ತು.

“ಎಲ್ಲಿದೆ ಕೋಮಲ, ನಾಲ್ಕು ಕೆಂಪು? ಭಯಕ್ಕೆ ಕಣ್ಣು ಮಂಜಾದರೆ ಒಬ್ಬಳನ್ನೇ ಹೇಗೆ ಕಳಿಸಲಿ? ಸದ್ಯಕ್ಕೆ ಹಾರೋದು ಬೇಡ.”

“ನಾನು ಕಂಡಿದ್ದೇ ಹೇಳಿದೆ ಸರ್,” ಎಂದಳು ಕೋಮಲ.

ಬಸಮ್ಮ ಎಲ್ಲ ಕೇಳಿಸಿಕೊಂಡಳು. ಬಾಯಿಬಿಟ್ಟರೆ ಕೆಲಸ ಹೋಗುತ್ತದೆ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ, ಇಲ್ಲಿ ಮಾಡಿದವಳು ತಾನು, ಉಣ್ಣುತ್ತಿರುವುದು ಮಗು. ಥೂ, ಇದೂ ಒಂದು ಬದುಕೇ ಎನ್ನಿಸಿ ಎದ್ದು ಬಂದಳು. ಕೆಂಪಾದ ಸೆರಗನ್ನು ಅವರ ಮುಂದೆ ಹರವಿದಳು.

“ಮಗೀನ ಬಯ್ಯಬ್ಯಾಡಿ ಸಾ. ಪೂಜೆ ಅಂತ ಗಾಜಿಗೆಲ್ಲ ಕುಂಕ್ಮ ಅಚ್ಚಿದ್ದು ನಾನೇ. ಈಗ ಓಡೋಗಿ ಒರಸ್ಬುಟ್ಟೆ. ಅವಳು ಕಂಡಿದ್ದು ದಿಟ.”

ಮಹದೇವಸ್ವಾಮಿ ಬಗ್ಗಿ ದೀಪದ ಅಂಚಿಗೆ ಬೆರಳಾಡಿಸಿದರು, ಕೆಂಪು ಅಂಟಿತು.

“ಹಾರೋಕೆ ಕಳಿಸೋ ಮುಂಚೆ ದೀಪ ನೋಡಬೇಕಾದವನು ನಾನು,” ಎಂದರು. “ನೋಡಲಿಲ್ಲ. ನಾಳೆಯಿಂದ ನೀವು ಒರೆಸಿ ಬಸಮ್ಮ, ನಾನು ಬಂದು ನೋಡ್ತೀನಿ. ಕೋಮಲ, ನಾಳೆ ಮತ್ತೆ ನೀನೊಬ್ಬಳೇ ಹಾರು.”

ಅವರು ಹೋದ ಮೇಲೂ ಬಸಮ್ಮ ತಲೆಯೆತ್ತಲಿಲ್ಲ.

“ನಿನ್ ಜೀವಕ್ಕೇ ಮುಳುವಾಗ್ತಿದ್ನಲ್ಲವ್ವಾ,” ಎಂದಳು.

ಕೋಮಲ ಮೊಣಕಾಲೂರಿ ಕೂತು, ಅವಳ ಕೆಂಪು ಬೆರಳನ್ನು ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು.

“ಇನ್ಮೇಲೆ ಕುಂಕ್ಮಾನ ಇಲ್ಲಿ ಅಚ್ಚವ್ವ,” ಎಂದಳು.