ನಕಲಿನಲ್ಲಿ ಇಲ್ಲದ ಮೋಡೆಮ್

ಊರಿಗೆ ನೀರು ಬಿಡುವ ಕಚೇರಿಯಲ್ಲಿ ಅವಳದು ಸಂಬಳ ಕೊಟ್ಟು ಮಾಡಿಸುವ ಕಳ್ಳತನ. ಪಂಪುಗಳನ್ನು ನಡೆಸುವ ಕಂಪ್ಯೂಟರ್ ಜಾಲದ ತದ್ರೂಪನ್ನು ಸಿಮ್ಯುಲೇಶನ್ ತಂತ್ರಾಂಶದಲ್ಲಿ ಕಟ್ಟಿ, ಆ ನಕಲಿನ ಮೇಲೆ ದಾಳಿ ಮಾಡಿ, ಬೀಗ ಎಲ್ಲಿ ಸಡಿಲವೆಂದು ಹೇಳಬೇಕು. ನಿಜವಾದ ಜಾಲದ ತಂಟೆಗೆ ಹೋದರೆ ಊರಿನ ನಲ್ಲಿಗಳು ಒಣಗುತ್ತವೆ. "ಗೊಂಬೆಗೆ ಸೂಜಿ ಚುಚ್ಚೋ ಡಾಕ್ಟರಮ್ಮ" ಎಂದು ಅಣ್ಣ ಚುಡಾಯಿಸುತ್ತಿದ್ದ.

ಅಣ್ಣ ಅದೇ ಕಚೇರಿಯ ಹಳೆಯ ಪಂಪ್‌ಹೌಸಿನಲ್ಲಿ ಆಪರೇಟರ್. ಅಪ್ಪ ಹೋದ ಮೇಲೆ ತಾನು ಓದು ಬಿಟ್ಟು ಅವಳನ್ನು ಓದಿಸಿದವನು. ಅತ್ತಿಗೆ ಹಾಸಿಗೆ ಹಿಡಿದಾಗ, ಮನೆಯಿಂದಲೇ ಪಂಪಿನ ಮೇಲೆ ಕಣ್ಣಿಡಲೆಂದು ಫೋನ್ ತಂತಿಯಿಂದ ಜಾಲದೊಳಕ್ಕೆ ದಾರಿ ಕೊಡುವ ಒಂದು ಹಳೇ ಮೋಡೆಮನ್ನು ಗುಟ್ಟಾಗಿ ಪಂಪ್‌ಹೌಸಿನಲ್ಲಿ ಸಿಕ್ಕಿಸಿಕೊಂಡಿದ್ದ. ತಂಗಿಯೊಬ್ಬಳಿಗೇ ಹೇಳಿದ್ದ.

"ಇದ್ದದ್ದು ಇದ್ದ ಹಾಗೆ ಕಟ್ಟು. ಒಂದು ಡಬ್ಬವೂ ತಪ್ಪಬಾರದು" ಎಂದಿದ್ದರು ಮೇಲಧಿಕಾರಿ. ಅವಳು ಎಲ್ಲವನ್ನೂ ಕಟ್ಟಿದಳು. ಅಣ್ಣನ ಪಂಪ್‌ಹೌಸಿಗೆ ಬಂದಾಗ ಕೈ ನಿಂತಿತು. ಮೋಡೆಮ್ ಸೇರಿಸಿದರೆ ದಾಳಿ ನೇರವಾಗಿ ಅಲ್ಲಿಂದಲೇ ನುಗ್ಗುತ್ತದೆ, ಸಭೆಯ ದೊಡ್ಡ ಪರದೆಯ ಮೇಲೆ ಎಲ್ಲರೂ ನೋಡುತ್ತಾರೆ, ಅಣ್ಣನ ಕೆಲಸಕ್ಕೆ ಕುತ್ತು. ಅವಳು ಸೇರಿಸಲಿಲ್ಲ. ಆ ಮುದಿ ಮೋಡೆಮ್ ಯಾರ ಕಣ್ಣಿಗೆ ಬೀಳುತ್ತದೆ ಎಂದುಕೊಂಡಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದೂ ಹೀಗೆಯೇ.

ಅವಳ ದಾಳಿಗಳೆಲ್ಲ ಗೋಡೆಗೆ ಬಡಿದ ಚೆಂಡಿನಂತೆ ಹಿಂದಕ್ಕೆ ಬಂದವು. ಜಾಲ ಭದ್ರವಾಗಿದೆ ಎಂದು ಕಚೇರಿಯಲ್ಲೆಲ್ಲ ಸಾರಿದರು. ಅಣ್ಣನಿಗೆ ಅದನ್ನು ಕಿತ್ತುಹಾಕು ಅನ್ನಬೇಕೆಂದುಕೊಂಡಳು. ಆದರೆ ಹಾಗೆಂದರೆ, ನಿನಗೋಸ್ಕರ ಕಳ್ಳಲೆಕ್ಕ ಬರೆದೆ ಎಂದೂ ಹೇಳಬೇಕಾಗುತ್ತಿತ್ತು. ಅವನೋ ಮಹಾ ಸ್ವಾಭಿಮಾನಿ. ಇವತ್ತು ನಾಳೆ ಎನ್ನುತ್ತಲೇ ದಿನ ದೂಡಿದಳು.

ಒಂದು ಬೆಳಿಗ್ಗೆ ಯಾರೋ ಅದೇ ಮೋಡೆಮ್ ಮೂಲಕ ಜಾಲದೊಳಗೆ ನುಗ್ಗಿ ಪಂಪುಗಳನ್ನು ನಿಲ್ಲಿಸಿದರು. ಅರ್ಧ ಊರಿನ ನಲ್ಲಿಗಳು ಬುಸ್ಸೆಂದು ಗಾಳಿ ಉಗುಳಿದವು. ಹುಡುಕುವವರಿಗೆ ಮೋಡೆಮ್ ಸಿಗುವುದು ತಡವಾಗಲಿಲ್ಲ, ಅಣ್ಣನನ್ನು ಮನೆಗೆ ಕಳಿಸುವುದೂ ತಡವಾಗಲಿಲ್ಲ.

"ಈ ಹುಡುಗಿದೇನೂ ತಪ್ಪಿಲ್ಲ. ಆ ಮನುಷ್ಯ ಬಚ್ಚಿಟ್ರೆ ಇವಳಿಗೆ ಹೇಗೆ ಗೊತ್ತಾಗಬೇಕು" ಎಂದರು ಮೇಲಧಿಕಾರಿ. ಆ ಕ್ಷಣದಲ್ಲಿ ಅವಳಿಗೆ ಮೊದಲು ಬಂದದ್ದು ನೆಮ್ಮದಿ, ನಾಚಿಕೆ ಆಮೇಲೆ ಬಂತು.

ಸಂಜೆ ಅಣ್ಣನ ಮನೆಗೆ ಹೋದಳು. ಅವನು ಅತ್ತಿಗೆಗೆ ಮಾತ್ರೆ ನುಂಗಿಸಿ ಬಂದು ಅವಳೆದುರು ಕೂತ. ಬೈಯುತ್ತಾನೆಂದು ಕಾದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು.

"ನಿನ್ನ ಪರೀಕ್ಷೆ ಶುರುವಾದಾಗ ಅದನ್ನ ಕಿತ್ತು ಬಿಸಾಕೋಣ ಅಂತಾನೇ ಇದ್ದೆ ಕಣೆ, ಭಯ ಆಗಿತ್ತು" ಎಂದ. "ಆಮೇಲೆ ಎಲ್ಲ ಭದ್ರ ಅಂದ್ರಲ್ಲ. ತಂಗಿಗೆ ಗೊತ್ತಿರೋ ವಿಷಯ, ಅವಳು ಅದನ್ನೂ ಗುಟ್ಟಾಗಿ ಸೇರಿಸಿಯೇ ನೋಡಿರ್ತಾಳೆ, ಇದ್ರೂ ತೊಂದರೆ ಇಲ್ಲ ಅಂತ ಬಿಟ್ಟೆ."

ಅವನು ಅವಳ ಮುಖ ನೋಡಿ ಕೇಳಿದ.

"ಸೇರಿಸಿದ್ದೆ ತಾನೆ?"

"ಹೂಂ" ಎಂದಳು.

"ಮತ್ತೆ? ನಿನ್ನ ಕೈಲಾದ್ದು ನೀನು ಮಾಡಿದೀಯ. ಆ ಹಾಳು ಕಂಪ್ಯೂಟರಿಗೆ ತಿಳೀಲಿಲ್ಲ ಅಂದ್ರೆ ನೀನೇನು ಮಾಡ್ತೀಯ" ಎಂದು ಅಣ್ಣ ಅವಳ ತಲೆ ಸವರಿದ.