ಅಮ್ಮನ ಎಲುಬು ತೊಳೆಯುವ ದಿನ

ಅಕ್ಟೋಬರ್ ಕೊನೆಯಲ್ಲಿ ಫೊಲೆಗಾಂದ್ರೊಸ್ ಎಂಬ ಗ್ರೀಕ್ ದ್ವೀಪಕ್ಕೆ ಹೋಗುವವರಲ್ಲಿ ಎರಡೇ ಜಾತಿ. ಬಾಡಿಗೆ ಇಳಿಯಿತು, ಜನಜಂಗುಳಿ ಕರಗಿತು, ಸಮುದ್ರ ಇನ್ನೂ ಬೆಚ್ಚಗಿದೆ ಎಂದು ಲೆಕ್ಕ ಹಾಕಿಕೊಂಡು ಬರುವ ಪರದೇಶದವರು ಒಂದು ಜಾತಿ. ಸತ್ತವರ ಕೆಲಸಕ್ಕೆಂದು ಊರಿಗೆ ಬರುವ ಊರಿನವರೇ ಇನ್ನೊಂದು. ಬೇಸಿಗೆಯಲ್ಲಿ ಆ ದ್ವೀಪದವರಿಗೆ ಸಾಯುವುದಕ್ಕೂ ಪುರುಸೊತ್ತಿರುವುದಿಲ್ಲ. ಮಲಗುವ ಕೋಣೆಗಳನ್ನೂ ಅತಿಥಿಗಳಿಗೆ ಬಿಟ್ಟುಕೊಟ್ಟು, ಅವರ ಹಾಸಿಗೆ ಬಟ್ಟೆ ಒಗೆದು ಒಣಹಾಕುವುದರಲ್ಲೇ ಸೆಪ್ಟೆಂಬರ್ ಕಳೆದುಹೋಗುತ್ತದೆ.

ಅನೆಜಿನಾ ಎರಡನೆಯ ಜಾತಿಯವಳು. ಬೆಳಗ್ಗೆ ತಾನು ನೆಲೆಸಿದ್ದ ಬಂದರು ನಗರ ಪಿರೇಯಸ್‌ನಲ್ಲಿ ಹಡಗು ಹತ್ತುವಾಗ ಅವಳ ಚೀಲದಲ್ಲಿ ಒಂದು ಬಾಟಲಿ ಕೆಂಪು ವೈನು, ತಾನೇ ಅಂಚು ಹೊಲಿದ ಒಂದು ಬಿಳಿ ಬಟ್ಟೆ ಇದ್ದವು. ಅವತ್ತು ಮಧ್ಯಾಹ್ನ ಅವಳ ತಾಯಿ ಜಂಬೇತಾಳ ಗೋರಿ ತೆಗೆಯುವವರಿದ್ದರು.

ಬರೀ ಬಂಡೆಯ ಊರು ಅದು, ಅಗೆಯಲು ಬರುವ ಮಣ್ಣು ಇರುವುದೇ ಅಂಗೈಯಗಲ. ಹಾಗಾಗಿ ಸತ್ತವರೂ ಅಲ್ಲಿ ಬಾಡಿಗೆದಾರರೇ. ಮೂರು ವರ್ಷ ಮಲಗಿದ ಮೇಲೆ ಮುಂದಿನವರಿಗೆ ಜಾಗ ಬಿಡಬೇಕು. ಅಷ್ಟರಲ್ಲಿ ಮೈಯನ್ನು ಮಣ್ಣು ತೆಗೆದುಕೊಂಡು ಎಲುಬು ಉಳಿದಿರುತ್ತದೆ. ಹೆಣ್ಣುಮಕ್ಕಳು ಅದನ್ನು ವೈನಿನಲ್ಲಿ ತೊಳೆದು, ತಲೆಬುರುಡೆಯ ಹಣೆಗೆ ಮುತ್ತಿಟ್ಟು, ಹೆಸರು ಬರೆದ ಪೆಟ್ಟಿಗೆಯಲ್ಲಿ ಜೋಡಿಸಿ ಚರ್ಚಿನ ಹಿಂದಿನ ಕೋಣೆಯಲ್ಲಿಡುತ್ತಾರೆ. ಜಂಬೇತಾಳ ಮೂರು ವರ್ಷ ಫೆಬ್ರವರಿಯಲ್ಲೇ ಮುಗಿದಿತ್ತು. ಅತಿಥಿಗಳು ಹೋಗಲಿ ಎಂದು ದೊಡ್ಡ ಮಗಳು ಆರ್ಗಿರೋ ನವೆಂಬರ್‌ಗೆ ಮುಂದೂಡಿದ್ದಳು. ಆದರೆ ನಿನ್ನೆ ಮುದುಕ ನಿಕಿತಾಸ್ ಯಾರನ್ನೂ ಕೇಳದೆ ಸತ್ತ.

"ಅವನಿಗೆ ಜಾಗ ಬೇಕಂತೆ ಕಣೇ, ಅಮ್ಮನ್ನ ನಾಳೇನೇ ತೆಗೀತಾರೆ," ಎಂದು ಆರ್ಗಿರೋ ಫೋನಿನಲ್ಲಿ ಹೇಳಿದ್ದಳು. "ನಿನ್ನ ಹಡಗು ಬರೋವರೆಗೂ ಕಾಯಿಸ್ತೀನಿ. ಈ ಸಲನಾದ್ರೂ ಬಾ."

ಈ ಸಲನಾದ್ರೂ. ಆ ಮಾತು ಅನೆಜಿನಾಳಿಗೆ ಮುಳ್ಳಿನಂತೆ ಚುಚ್ಚಿತು. ತಾಯಿ ಸತ್ತಾಗ ಅವಳು ಬಂದಿರಲಿಲ್ಲ. ಗಾಳಿಗೆ ಹಡಗುಗಳನ್ನೆಲ್ಲ ಕಟ್ಟಿಹಾಕಿದ್ದ ವಾರ ಅದು. ಪಿರೇಯಸ್‌ನ ಕಟ್ಟೆಯ ಮೇಲೆ ಕಪ್ಪು ಬಟ್ಟೆ ತೊಟ್ಟು ನಿಂತು ನಿಂತು ಕಾಲು ಮರಗಟ್ಟಿತ್ತು. ಊರಿನ ಹೆಂಗಸರು ಅದನ್ನು ನಂಬಲಿಲ್ಲ. ತಾಯಿ ಮಗಳು ಮಾತು ಬಿಟ್ಟು ಐದು ವರ್ಷವಾಗಿತ್ತು, ಗಾಳಿ ನೆಪ ಎಂದು ಮೂಗು ಮುರಿದರು.

ಮಾತು ಬಿಟ್ಟದ್ದು ಮನೆಯ ಸಲುವಾಗಿ. ಆ ದ್ವೀಪದಲ್ಲಿ ಹಿರಿಮಗಳ ಮದುವೆಯ ದಿನ ತಾಯಿಯ ಮನೆ ಅವಳಿಗೆ ಹೋಗುತ್ತದೆ. ತಂದೆ ತಾಯಿ ಹಿತ್ತಲ ಕೋಣೆಗೆ ಸರಿಯುತ್ತಾರೆ, ಕಿರಿಯವಳಿಗೆ ಉಳಿದದ್ದು. ಅನೆಜಿನಾಳಿಗೆ ಉಳಿದದ್ದು ಗುಡ್ಡದ ಮೇಲಿನ ಒಂದು ಮೇಕೆ ಮೇಯುವ ಹೊಲ, ಅದಕ್ಕೆ ದಾರಿಯೂ ಇಲ್ಲ. ಗಂಡನ ಕೆಲಸ ಹೋಗಿ ಪಿರೇಯಸ್‌ನ ಮನೆ ಖಾಲಿ ಮಾಡಬೇಕಾಗಿ ಬಂದಾಗ ಅವಳು ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಬಂದಿದ್ದಳು. ಆಗಲೂ ಇಂಥದೇ ಅಕ್ಟೋಬರ್, ಮಹಡಿಯ ಕೋಣೆಗಳು ಖಾಲಿ ಬಿದ್ದಿದ್ದವು. ಚಳಿಗಾಲ ಕಳೆಯುವವರೆಗೆ ಒಂದು ಕೋಣೆ ಕೊಡುವಂತೆ ಅಕ್ಕನಿಗೆ ಒಂದು ಮಾತು ಹೇಳು ಎಂದು ತಾಯಿಯನ್ನು ಕೇಳಿದಳು.

ಜಂಬೇತಾ ತಲೆ ಎತ್ತದೆ ಬೀನ್ಸು ಬಿಡಿಸುತ್ತ, "ಮನೆ ನಂದಲ್ಲ," ಎಂದಳು. ಅಷ್ಟೇ. ಒಂದು ಮಾತು ಆಡಲು ಮನೆ ತನ್ನದೇ ಆಗಿರಬೇಕೇ? ಅನೆಜಿನಾ ಮರುದಿನದ ಹಡಗಿಗೆ ವಾಪಸು ಹೋದಳು, ಮತ್ತೆ ತಾಯಿಗೆ ಫೋನು ಮಾಡಲಿಲ್ಲ.

ಈಗ ಅವಳಿಗೆ ಬೇಕಾಗಿದ್ದದ್ದು ಒಂದೇ. ತನ್ನ ಕೈಯಾರೆ ತಾಯಿಯನ್ನು ತೊಳೆಯಬೇಕು, ಆ ಹಣೆಗೆ ಒಮ್ಮೆ ಮುತ್ತಿಡಬೇಕು. ಅಷ್ಟಾದರೆ ಎದೆಯಲ್ಲಿ ಗಂಟು ಬಿದ್ದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ ಎಂದು ನಂಬಿದ್ದಳು. ನಂಬಿಕೊಂಡೇ ಇಷ್ಟು ದೂರ ಬಂದಿದ್ದಳು.

ಮಿಲೋಸ್ ದ್ವೀಪ ದಾಟುತ್ತಲೇ ತೆಂಕಣ ಗಾಳಿ ಎದ್ದಿತು. ಫೊಲೆಗಾಂದ್ರೊಸ್‌ನ ಬಂದರು ಬಡಗಣ ಗಾಳಿಗೆ ಜಗ್ಗುವುದಿಲ್ಲ, ತೆಂಕಣ ಗಾಳಿಗೆ ಮಾತ್ರ ಬಾಯಿ ತೆರೆದುಕೊಂಡು ಕೂತಿದೆ. ಪಕ್ಕದಲ್ಲಿ ಕೂತಿದ್ದ ಜರ್ಮನ್ ಹೆಂಗಸು ಕಿಟಕಿಯಿಂದ ಅಲೆಗಳ ಫೋಟೊ ತೆಗೆಯುತ್ತ ತುಂಡು ಗ್ರೀಕಿನಲ್ಲಿ, "ಚೆಂದ ಅಲ್ವಾ? ಬರೋದಾದ್ರೆ ಈಗ್ಲೇ ಬರ್ಬೇಕು," ಎಂದಳು. ಅನೆಜಿನಾ ಹೌದೆಂದಳು. ಇನ್ನೇನು ಹೇಳುವುದು?

ಬಂದರು ಕಣ್ಣಿಗೆ ಬಿದ್ದಾಗ ಅವಳು ಎಲ್ಲರಿಗಿಂತ ಮೊದಲು ಕೆಳಗಿಳಿದು, ಕಾರು ಲಾರಿಗಳ ಮಧ್ಯೆ ಬಾಗಿಲ ಬಳಿ ನಿಂತಳು. ಹಡಗು ತಿರುಗಿ ಹಿಂಬದಿಯನ್ನು ಕಟ್ಟೆಗೆ ಒಡ್ಡಿತು. ಬಾಗಿಲು ಅರ್ಧ ಇಳಿಯಿತು. ಕಟ್ಟೆಯ ಮೇಲೆ ಭಾವ ಜಾನಿಸ್ ತನ್ನ ಪಿಕಪ್ ಗಾಡಿಗೆ ಒರಗಿ ನಿಂತಿದ್ದ. ಅವನ ಬಿಳಿ ಮೀಸೆ ಕಾಣುವಷ್ಟು ಹತ್ತಿರ. ಅಲೆ ಹಡಗನ್ನು ಎತ್ತಿ ಕಟ್ಟೆಗೆ ಕುಕ್ಕಲು ಬಂತು. ಎಸೆದ ಹಗ್ಗ ನೀರಿಗೆ ಬಿತ್ತು. ಹಡಗು ಮುಂದೆ ಸರಿಯಿತು, ಸುತ್ತು ಹಾಕಿ ಇನ್ನೊಮ್ಮೆ ಬಂತು. ಈ ಸಲ ಹಗ್ಗ ಸಿಕ್ಕಿ, ಬಿಗಿದು, ಪಟ್ಟೆಂದು ಕಡಿದುಹೋಯಿತು. ಬಾಗಿಲು ಮೇಲೇರತೊಡಗಿತು.

"ಯಾಕಪ್ಪ ಎತ್ತುತ್ತಿದ್ದೀರ?" ಎಂದು ಅವಳು ಹಡಗಿನ ಆಳಿನ ತೋಳು ಹಿಡಿದಳು.

"ಆಗಲ್ಲಮ್ಮ. ಮುಂದಿನ ದ್ವೀಪ ಯೋಸ್‌ಗೆ ಹೋಗ್ತೀವಿ. ಅಲ್ಲಿ ಇಳ್ಕೊಂಡು ಗಾಳಿ ನಿಂತ ಮೇಲೆ ಬನ್ನಿ."

"ನಮ್ಮಮ್ಮನ್ನ ಇವತ್ತು ತೆಗೀತಾರೆ. ಇನ್ನೊಂದು ಸಲ ಹತ್ತಿರ ತನ್ನಿ, ನಾನು ಹಾರ್ಕೋತೀನಿ."

ಆಳೂ ದ್ವೀಪದವನೇ. ತೆಗೆಯುವುದೆಂದರೇನೆಂದು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಟೋಪಿ ತೆಗೆದು ಶಿಲುಬೆ ಗುರುತು ಮಾಡಿದ. "ದೇವರು ಅವರಿಗೆ ಶಾಂತಿ ಕೊಡಲಿ. ಆದ್ರೆ ನೀವು ಹಾರಿದ್ರೆ ನಾಳೆ ನಿಮಗೂ ಗುಂಡಿ ತೋಡಬೇಕಾಗುತ್ತೆ. ಇರೋ ಜಾಗಾನೇ ಸಾಲ್ತಿಲ್ಲವಂತಲ್ಲ?"

ಬಾಗಿಲು ಮುಚ್ಚಿತು. ಮುಚ್ಚುವ ಮೊದಲು ಜಾನಿಸ್ ಎರಡು ಕೈಯನ್ನೂ ಅಗಲಿಸಿ, ನಾನೇನು ಮಾಡಲಿ ಎಂಬಂತೆ ನಿಂತದ್ದು ಕಂಡಿತು. ತಕ್ಷಣ ಅವನ ಫೋನು ಬಂತು.

"ನಿನ್ನ ತಪ್ಪಿಲ್ಲ ಕಣಮ್ಮ, ನಾನೇ ಕಣ್ಣಾರೆ ನೋಡ್ದೆ. ಯಾರಾದ್ರೂ ಏನಾದ್ರೂ ಅಂದ್ರೆ ನಾನು ಹೇಳ್ತೀನಿ."

"ನಾಳೆವರೆಗೂ ಕಾಯೋಕೆ ಹೇಳಿ, ಭಾವ."

"ನಿಕಿತಾಸ್‌ನ ಹೆಣದ ಪೆಟ್ಟಿಗೆ ಚರ್ಚಿಗೆ ಬಂದಾಯ್ತು. ಗುಂಡಿ ತೋಡೋ ಲಿನಾರ್ದೋಸ್ ಗುದ್ದಲಿ ಹಿಡ್ಕೊಂಡು ನಿಂತಿದಾನೆ. ಹೆಂಗೆ ಕಾಯಿಸ್ಲಿ?"

ಅನೆಜಿನಾ ಮೇಲೆ ಬಂದು ಕೂತಳು. ಅವಳಿಗೆ ಗಾಳಿಯ ಮೇಲೆ ಸಿಟ್ಟು ಬಂತು, ನಿಕಿತಾಸ್‌ನ ಮೇಲೆ ಬಂತು, ಅತಿಥಿಗಳಿಗಾಗಿ ತಾಯಿಯನ್ನು ಮುಂದೂಡಿದ ಅಕ್ಕನ ಮೇಲಂತೂ ಹೊಟ್ಟೆ ಉರಿಯುವಷ್ಟು ಬಂತು. ಯಾವ ಸಿಟ್ಟೂ ಹಡಗನ್ನು ತಿರುಗಿಸುವಂತಿರಲಿಲ್ಲ. ದ್ವೀಪ ಕಿಟಕಿಯಲ್ಲಿ ಹಿಂದೆ ಹಿಂದೆ ಸರಿಯಿತು. ಜರ್ಮನ್ ಹೆಂಗಸು ತನ್ನ ಗಂಡನಿಗೆ ನಕ್ಷೆಯಲ್ಲಿ ಯೋಸ್ ತೋರಿಸಿದಳು. ಅವರಿಗೆ ಅದೂ ಆಗುತ್ತಿತ್ತು.

ಯೋಸ್‌ನ ಗುಡ್ಡಗಳು ಕಾಣುವ ಹೊತ್ತಿಗೆ ಆರ್ಗಿರೋಳ ಫೋನು ಬಂತು. ಅಳುತ್ತಿದ್ದಳು.

"ಅಮ್ಮ ಹಾಗೇ ಇದಾಳೆ ಕಣೇ."

"ಹಾಗೇ ಅಂದ್ರೆ?"

"ಮಣ್ಣು ತಗೊಂಡಿಲ್ಲ. ಮುಖ ಹಾಗೇ ಇದೆ, ತಲೆಗೆ ಕಟ್ಟಿದ ಬಟ್ಟೆನೂ ಹಾಗೇ ಇದೆ. ತೊಳೆಯೋಕೆ ಬರಲ್ಲ."

ಅವಳ ಊರಿನಲ್ಲಿ ಇದಕ್ಕಿಂತ ದೊಡ್ಡ ಅಪಮಾನವಿಲ್ಲ. ಸತ್ತವರ ಬಗ್ಗೆ ಯಾರದೋ ಮನಸ್ಸಿನಲ್ಲಿ ಕಹಿ ಉಳಿದಿದ್ದರೆ ಮಣ್ಣು ಮೈಯನ್ನು ಮುಟ್ಟುವುದಿಲ್ಲ ಎನ್ನುತ್ತಾರೆ.

"ಜೇಡಿಮಣ್ಣು, ನೀರು ನಿಂತಿತ್ತು, ಅದಕ್ಕೇ ಹೀಗೆ ಅಂತಾನೆ ಲಿನಾರ್ದೋಸ್," ಎಂದಳು ಆರ್ಗಿರೋ. "ಅವನ ಮಾತು ಯಾರು ಕೇಳ್ತಾರೆ? ಹೆಂಗಸರೆಲ್ಲ ನನ್ನ ಮುಖಾನೇ ನೋಡ್ತಿದಾರೆ. ಗೋಡೆ ಪಕ್ಕ ಕರಗದೆ ಇರೋರಿಗೆ ಅಂತ ಒಂದು ತಗ್ಗಿದೆಯಲ್ಲ, ಅಲ್ಲಿಗೆ ಹಾಕ್ತಾರೆ. ಪಾದ್ರಿಗಳು ಕ್ಷಮೆಯ ಪ್ರಾರ್ಥನೆ ಓದಿದ್ರು. ಕ್ಷಮಿಸಿದೀನಿ ಅಂತ ನಾನು ಹೇಳ್ದೆ, ಅಕ್ಕಪಕ್ಕದವರು ಹೇಳಿದ್ರು. ನೀನೊಬ್ಳು ಉಳಿದಿದೀಯ. ಫೋನು ಅಮ್ಮನ ಹತ್ರ ಹಿಡೀತೀನಿ, ಹೇಳು."

"ದೇವರು ಅವಳನ್ನ ಕ್ಷಮಿಸಲಿ," ಎಂದಳು ಅನೆಜಿನಾ.

"ದೇವರ ವಿಷಯ ಪಾದ್ರಿಗಳು ನೋಡ್ಕೋತಾರೆ. ನೀನು ಕ್ಷಮಿಸಿದೀನಿ ಅನ್ನು."

ಅನೆಜಿನಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ತಾಯಿಯ ಹಣೆ ಕೈಗೆ ಸಿಕ್ಕಿದ್ದರೆ, ವೈನಿನ ವಾಸನೆಯಲ್ಲಿ ಅಕ್ಕನ ಪಕ್ಕ ಮಂಡಿಯೂರಿ ಕೂತಿದ್ದರೆ, ಆ ಮಾತು ಬೇಕೇ ಆಗುತ್ತಿರಲಿಲ್ಲ. ಈಗ ಮನಸ್ಸಿನೊಳಗೆ ಹುಡುಕಿದರೆ ಸಿಕ್ಕಿದ್ದು ತಲೆ ಎತ್ತದ ಒಬ್ಬ ಹೆಂಗಸು, ಬಾಗಿಲಲ್ಲಿ ಚೀಲ ಹಿಡಿದು ನಿಂತ ತನ್ನ ಮಕ್ಕಳು. ಅವಳು ಇನ್ನೂ ಹುಡುಕಿದಳು. ಬೇರೇನೂ ಸಿಗಲಿಲ್ಲ.

"ಅನೆಜಿನಾ, ನಿನ್ನ ಕಾಲು ಹಿಡ್ಕೋತೀನಿ. ಲಿನಾರ್ದೋಸ್ ಕಾಯ್ತಿದಾನೆ."

"ಕ್ಷಮಿಸಿದೀನಿ," ಎಂದಳು.

"ಮನಸಾರೆ?"

"ಮನಸಾರೆ."

"ಹೇಳಿದ್ಲು," ಎಂದು ಆರ್ಗಿರೋ ಅಲ್ಲಿದ್ದವರಿಗೆ ಕೂಗಿ ಹೇಳಿದ್ದು ಕೇಳಿಸಿತು. ಹೆಂಗಸರ ಗುಜುಗುಜು, ಆಮೇಲೆ ಮಣ್ಣು ಎಳೆಯುವ ಸದ್ದು. ಆರ್ಗಿರೋ, "ಇನ್ನು ಅಮ್ಮನ್ನ ಮಣ್ಣು ತಗೊಳ್ಳುತ್ತೆ, ನೋಡ್ತಿರು," ಎಂದು ಸಮಾಧಾನದ ಉಸಿರು ಬಿಟ್ಟು ಫೋನಿಟ್ಟಳು.

ಅನೆಜಿನಾ ಹೇಳಿದ್ದು ಸುಳ್ಳು. ಲಿನಾರ್ದೋಸ್ ಹೇಳಿದ್ದೇ ಸರಿ, ಎಲ್ಲ ಜೇಡಿಮಣ್ಣಿನ ಕೆಲಸ ಎಂದು ತನಗೆ ತಾನೇ ಹೇಳಿಕೊಂಡು ನೋಡಿದಳು, ಮನಸ್ಸು ಒಪ್ಪಲಿಲ್ಲ. ತಾಯಿಯನ್ನು ಹಿಡಿದಿಟ್ಟುಕೊಂಡಿರುವವಳು ತಾನೇ. ಬಿಟ್ಟುಬಿಡಲು ಅವಳು ಸಿದ್ಧಳಾಗಿದ್ದಳು, ಅದಕ್ಕೇ ಬಂದಿದ್ದಳು. ಹೇಗೆ ಬಿಡುವುದೆಂದು ಮಾತ್ರ ಅವಳಿಗೆ ತಿಳಿಯಲಿಲ್ಲ.